ಕಾರ್ಡ್ ಮಾರಿದ ಬೀಬಿ

1955ರ ಮಧ್ಯಭಾಗ. ಪೂರ್ವ ಆಫ್ರಿಕಾದ ಕಡಲತೀರದ ದಾರುಸ್ಸಲಾಮ್ ಪಟ್ಟಣಕ್ಕೆ ಬ್ರಿಟನ್ನಿನ ಲೇಬರ್ ಪಕ್ಷದ ಪ್ರತಿನಿಧಿ ಜಾನ್ ಹ್ಯಾಚ್ ಎಂಬವರು ಬಂದಿದ್ದರು. ಸ್ವಾತಂತ್ರ್ಯಕ್ಕಾಗಿ ಹೋರಾಡಲು ಹಿಂದಿನ ವರ್ಷವಷ್ಟೇ ಅಲ್ಲಿ 'ಟಾನು' ಎಂಬ ಹೊಸ ಪಕ್ಷ ಹುಟ್ಟಿಕೊಂಡಿತ್ತು. ಅದರ ಮುಖಂಡರು ಅತಿಥಿಯನ್ನು ಆದರದಿಂದ ಬರಮಾಡಿಕೊಂಡರು. ಸುತ್ತಲೂ ಕಣ್ಣಾಡಿಸಿದ ಅತಿಥಿ ಒಂದು ಸರಳ ಪ್ರಶ್ನೆ ಕೇಳಿದರು. ನಿಮ್ಮ ಪಕ್ಷದಲ್ಲಿ ಮಹಿಳಾ ವಿಭಾಗ ಇದೆಯೇ? ಇದೆ, ಇದೆ ಎಂದರು ಮುಖಂಡರು. ನಿಜ ಹೇಳಬೇಕೆಂದರೆ ಹಾಗೆ ಹೇಳಿಕೊಳ್ಳುವಂತಹದ್ದೇನೂ ಇರಲಿಲ್ಲ. 1954ರ ಜುಲೈ 7ರಂದು ಪಕ್ಷ ಸ್ಥಾಪಿಸಿದ 17 ಮಂದಿಯೂ ಗಂಡಸರೇ. ಅತಿಥಿಯ ಮುಂದೆ ಮಾನ ಉಳಿಸಿಕೊಳ್ಳಲು ಒಬ್ಬ ಮಹಿಳೆ ಬೇಕಾಯಿತು. ಹೀಗೆ ಮುಂದೆ ಬಂದವರೇ ಬೀಬಿ ಟಿಟಿ ಮುಹಮ್ಮದ್.

ತಾಂಜಾನಿಯಾ ಎಂದಾಕ್ಷಣ ಓದುಬರಹ ಬಲ್ಲವರಿಗೆ ನೆನಪಾಗುವ ಹೆಸರು ಜೂಲಿಯಸ್ ನೈರೇರೆ. ಆ ರಾಷ್ಟ್ರದ ಪಿತಾಮಹ. ನಮ್ಮ ಭಾರತ ಸರಕಾರ 1995ರಲ್ಲಿ ಮೊತ್ತಮೊದಲ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟದ್ದು ಅವರಿಗೇ. ಅವರ ಬಗ್ಗೆ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆದರೆ ಅವರ ಪಕ್ಕದಲ್ಲಿ ನಿಂತು ಊರೂರು ಸುತ್ತಿ, ಮನೆಮನೆಯ ಹೆಂಗಸರನ್ನು ಬೀದಿಗೆ ಕರೆತಂದ ಈ ಮುಸ್ಲಿಂ ಮಹಿಳೆಯ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ನಾನಂತೂ ಬಹುಕಾಲ ಕೇಳಿರಲಿಲ್ಲ.

'ಬೀಬಿ' ಎಂದರೆ ನಮಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಸ್ವಾಹಿಲಿ ಭಾಷೆಯಲ್ಲೂ ಅದು ಗೌರವದ ಮಾತೇ. ಅಜ್ಜಿಗೂ ಹಾಗೆನ್ನುತ್ತಾರೆ. ಆ ಭಾಷೆ ಕೇಳಲು ಪರಕೀಯವಾದರೂ ಅದರೊಳಗೆ ನಮ್ಮ ಕಿವಿಗೆ ಪರಿಚಯವಿರುವ ಶಬ್ದಗಳು ಬೇಕಾದಷ್ಟಿವೆ. ಪುಸ್ತಕಕ್ಕೆ ಕಿತಾಬು. ಸ್ವಾತಂತ್ರ್ಯಕ್ಕೆ ಉಹುರು, ಅದು ಅರಬಿಯ 'ಹುರ್‍ರ್' ಎಂಬ ಶಬ್ದದಿಂದ ಬಂದದ್ದು. ನೈರೇರೆಯವರನ್ನು ಜನ ಪ್ರೀತಿಯಿಂದ ಕರೆಯುತ್ತಿದ್ದುದು 'ಮ್ವಾಲಿಮು' ಎಂದು. ಅದು ನಮ್ಮ ಮುಅಲ್ಲಿಮ್ ಅಲ್ಲದೆ ಬೇರಲ್ಲ. ನೈರೇರೆ ಕ್ಯಾಥೊಲಿಕ್ ಕ್ರೈಸ್ತರು, ವೃತ್ತಿಯಿಂದ ಶಾಲಾ ಮಾಸ್ತರರು. ಅರಬಿ ವ್ಯಾಪಾರಿಗಳು ಶತಮಾನಗಳ ಕಾಲ ಬಂದುಹೋದ ಆ ಕಡಲತೀರದಲ್ಲಿ ಒಬ್ಬ ಕ್ರೈಸ್ತ ಮೇಷ್ಟ್ರನ್ನು ಅರಬಿ ಮೂಲದ ಶಬ್ದದಿಂದ ಕರೆಯುವುದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಬೀಬಿ ಟಿಟಿ ಹುಟ್ಟಿದ್ದು 1926ರಲ್ಲಿ, ದಾರುಸ್ಸಲಾಮಿನ ಒಂದು ಮುಸ್ಲಿಂ ಕುಟುಂಬದಲ್ಲಿ. ಆಗ ದೇಶದ ಹೆಸರು ಟ್ಯಾಂಗನಿಕಾ. ಮೊದಲು ಜರ್ಮನರ ಕೈಯಲ್ಲಿದ್ದ ಈ ನಾಡು ಮೊದಲ ಮಹಾಯುದ್ಧದಲ್ಲಿ ಅವರು ಸೋತ ಮೇಲೆ ಬ್ರಿಟಿಷರ ಪಾಲಾಗಿತ್ತು. ಮಗಳನ್ನು ಶಾಲೆಗೆ ಕಳುಹಿಸಲು ತಂದೆಗೆ ಮನಸ್ಸಿರಲಿಲ್ಲ. ಬಿಳಿಯರ ಶಾಲೆಗೆ ಹೋದರೆ ಹುಡುಗಿ ದೀನಿನಿಂದ ದೂರವಾಗುತ್ತಾಳೆಂಬ ಭಯ ಅಂದು ಅಲ್ಲಿನ ಅನೇಕ ಮನೆಗಳಲ್ಲಿತ್ತು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಇಲ್ಲೂ ಇದ್ದ ಭಯವೇ ಅದು. ತಂದೆ ತೀರಿಕೊಂಡ ಬಳಿಕ ತಾಯಿ ಆಕೆಯನ್ನು ಶಾಲೆಗೆ ಸೇರಿಸಿದರು. ಸಿಕ್ಕಿದ್ದು ನಾಲ್ಕು ವರ್ಷದ ವಿದ್ಯೆ ಮಾತ್ರ. ಮೀಸೆ ಮೂಡದ ವಯಸ್ಸಿನಲ್ಲಿ ಗಂಡುಮಕ್ಕಳು ಪುಸ್ತಕ ಹಿಡಿದು ನಡೆದರೆ, ಅದೇ ವಯಸ್ಸಿನಲ್ಲಿ ಬೀಬಿ ಟಿಟಿಗೆ ತನಗಿಂತ ಬಹಳ ಹಿರಿಯನಾದ ವ್ಯಕ್ತಿಯೊಂದಿಗೆ ಮದುವೆಯಾಯಿತು. ಒಂದು ಹೆಣ್ಣು ಮಗು ಹುಟ್ಟಿದ ಮೇಲೆ ಆ ಸಂಬಂಧ ಮುರಿಯಿತು. ಮುಂದೆ ಬೋಯಿ ಸೆಲೆಮಾನಿ ಎಂಬವರೊಂದಿಗೆ ಮದುವೆಯಾದರು.

ಹಾಗಾದರೆ ಅಷ್ಟು ದೊಡ್ಡ ಪಕ್ಷದ ಮುಖಂಡರಿಗೆ ನಾಲ್ಕನೆಯ ತರಗತಿ ಓದಿದ ಈ ಮಹಿಳೆಯೇ ಏಕೆ ಕಣ್ಣಿಗೆ ಬಿದ್ದರು?

ಕಾರಣ ಆಕೆಯ ಕಂಠ. ಅಲ್ಲಿನ ಕಡಲತೀರದ ಹೆಂಗಸರಲ್ಲಿ 'ಲೆಲೆಮಾಮ' ಎಂಬ ಹಾಡು ಕುಣಿತದ ತಂಡಗಳಿದ್ದವು. ನಮ್ಮ ಕಡೆ ಮದುಮಗಳ ಮುಂದೆ ಕುಳಿತು ಮದರಂಗಿ ಹಾಡು ಹೇಳುವ ಹೆಂಗಸರ ಗುಂಪನ್ನು ನೆನಪಿಸಿಕೊಳ್ಳಿ. ಆದರೆ ಅಲ್ಲಿನ ತಂಡಗಳು ಬಹಳ ಕಟ್ಟುನಿಟ್ಟಾಗಿದ್ದವು. ತಂಡಕ್ಕೊಂದು ಹೆಸರು, ತಂಡದೊಳಗೆ ಹುದ್ದೆಗಳು, ಎಲ್ಲರೂ ಒಂದೇ ಬಗೆಯ ಕಾಂಗಾ ಬಟ್ಟೆ ಉಡುವ ಪದ್ಧತಿ, ಒಂದು ತಂಡಕ್ಕೂ ಇನ್ನೊಂದಕ್ಕೂ ಭಾರೀ ಪೈಪೋಟಿ. ಮದುವೆ, ಸಾವು, ಕಷ್ಟ, ಏನೇ ಬಂದರೂ ಪರಸ್ಪರ ನೆರವು. 'ಬೊಂಬಾ' ಎಂಬ ತಂಡದ ಮುಖ್ಯ ಹಾಡುಗಾರ್ತಿ ಬೀಬಿ ಟಿಟಿ. ಊರಿನ ಹೆಂಗಸರಿಗೆಲ್ಲ ಪರಿಚಿತ ಮುಖ, ಪರಿಚಿತ ದನಿ.

ಇನ್ನೊಂದು ಕಾರಣವನ್ನೂ ಹೇಳಬೇಕು. ಬ್ರಿಟಿಷ್ ಸರಕಾರ 1953ರಲ್ಲಿ ಸುತ್ತೋಲೆ ಹೊರಡಿಸಿ ಸರಕಾರಿ ನೌಕರರು ಯಾವುದೇ ರಾಜಕೀಯ ಸಂಘಟನೆಗೆ ಸೇರಬಾರದೆಂದು ನಿಷೇಧಿಸಿತ್ತು. ಓದಿದ ಬೆರಳೆಣಿಕೆಯ ಹೆಂಗಸರು ಶಿಕ್ಷಕಿಯರು, ದಾದಿಯರು ಇಲ್ಲವೇ ಸರಕಾರಿ ನೌಕರರ ಹೆಂಡತಿಯರು. ಕೆಲಸ ಹೋಗುವ ಭಯ ಅವರಿಗೆ. ನೈರೇರೆಯವರೇ ಆ ವರ್ಷ ಈ ಸಂಕಟವನ್ನು ಅನುಭವಿಸಿದ್ದರು. 1955ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತನಾಡಲು ನ್ಯೂಯಾರ್ಕಿಗೆ ಹೋಗಿ ಬಂದ ಅವರಿಗೆ ಶಾಲೆಯ ಆಡಳಿತ ಪಾಠವೋ ಪಕ್ಷವೋ ಆರಿಸಿಕೊಳ್ಳಿ ಎಂದಿತು. ಅವರು ಮಾಸ್ತರಿಕೆ ಬಿಟ್ಟರು. ಆದರೆ ಬೀಬಿ ಟಿಟಿ ಮತ್ತು ಅವರ ಗೆಳತಿಯರಿಗೆ ಬಿಡಲು ಸರಕಾರಿ ಕೆಲಸವೇ ಇರಲಿಲ್ಲ. ರಸ್ತೆ ಬದಿಯಲ್ಲಿ ಮೀನು ಹುರಿದು ಮಾರುವವರು, ತಿಂಡಿ ಮಾಡಿ ಮಾರುವವರು, ಕೊಠಡಿ ಬಾಡಿಗೆಗೆ ಕೊಟ್ಟು ಬದುಕುವವರು ಅವರು. ನಡುವಯಸ್ಸಿನ ಮುಸ್ಲಿಂ ಹೆಂಗಸರೇ ಹೆಚ್ಚು. ತಲಾಖ್ ಆಗಿ ಸ್ವಂತ ಕಾಲಿನ ಮೇಲೆ ನಿಂತವರು ಅವರಲ್ಲಿ ಬಹಳ ಮಂದಿ ಇದ್ದರು. ಸಮಾಜ ಕರುಣೆಯಿಂದ ನೋಡುವ ಆ ಹೆಂಗಸರು ಯಾರಿಗೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲವಾದ್ದರಿಂದ ಒಂದು ದೊಡ್ಡ ಸಾಮ್ರಾಜ್ಯದೆದುರು ನಿಲ್ಲಲು ಸಾಧ್ಯವಾಯಿತು.

ಬೀಬಿ ಟಿಟಿ ಮಾಡಿದ್ದು ಬಹಳ ಸುಲಭವಾದ, ಆದರೆ ಗಂಡಸರ ತಲೆಗೆ ಹೊಳೆಯದ ಕೆಲಸ. ಒಬ್ಬೊಬ್ಬರ ಮನೆಬಾಗಿಲು ತಟ್ಟುತ್ತಾ ಕೂರಲಿಲ್ಲ. ಹಾಡುವ ತಂಡಗಳ ಮುಖ್ಯಸ್ಥೆಯರ ಬಳಿ ಹೋದರು. ಮುಖ್ಯಸ್ಥೆ ಒಪ್ಪಿದರೆ ಇಡೀ ತಂಡ ಒಪ್ಪಿದಂತೆ. ಮೂರು ತಿಂಗಳೊಳಗೆ ಸುಮಾರು 5,000 ಹೆಂಗಸರು ಪಕ್ಷದ ಕಾರ್ಡ್ ಕೊಂಡರು! ಗಂಡನಿಗೆ ತಿಳಿಯದಂತೆ ಕಾರ್ಡ್ ಅಡಗಿಸಿಟ್ಟವರೂ ಇದ್ದರು. ಸಭೆಗೆ ಜನ ಸೇರಿಸುವುದು, ಹಣ ಎತ್ತುವುದು, ಬಂದವರಿಗೆ ಅಡುಗೆ ಮಾಡುವುದು, ಹಾಡು ಕಟ್ಟಿ ಸುದ್ದಿ ಹರಡುವುದು, ಎಲ್ಲವನ್ನೂ ಇವರೇ ಮಾಡಿದರು. ಓದಲು ಬಾರದವರ ನಾಡಿನಲ್ಲಿ ಹಾಡೇ ಪತ್ರಿಕೆ.

ಬೀಬಿ ಟಿಟಿ ಅಷ್ಟಕ್ಕೇ ನಿಲ್ಲಲಿಲ್ಲ. ನೈರೇರೆಯವರೊಂದಿಗೆ ದೇಶದ ಒಳನಾಡುಗಳಿಗೆ ಪ್ರವಾಸ ಹೋದರು. ಬಹಿರಂಗ ಸಭೆಗಳಲ್ಲಿ ಸಾವಿರಾರು ಜನರೆದುರು ಸ್ವಾಹಿಲಿಯಲ್ಲಿ ಮಾತನಾಡಿದರು. ಮಹಿಳೆಯೊಬ್ಬಳು ಪರಪುರುಷರ ಜೊತೆ ಊರೂರು ತಿರುಗುತ್ತಾಳೆಂಬ ಪಿಸುಮಾತು ಹುಟ್ಟದಿರುತ್ತದೆಯೇ? ಹುಟ್ಟಿತು. ಅವರು ಹೋಗುತ್ತಲೇ ಇದ್ದರು. ನೂರಕ್ಕೂ ಹೆಚ್ಚು ಬುಡಕಟ್ಟುಗಳು, ಅಷ್ಟೇ ಭಾಷೆಗಳಿರುವ ದೇಶವದು. ಎಲ್ಲರಿಗೂ ಅರ್ಥವಾಗುವ ಒಂದು ಭಾಷೆಯಲ್ಲಿ ಕರಾವಳಿಯ ಮುಸ್ಲಿಂ ಮಹಿಳೆಯೂ ಒಳನಾಡಿನ ಕ್ರೈಸ್ತ ಮಾಸ್ತರರೂ ಒಂದೇ ವೇದಿಕೆಯಲ್ಲಿ ನಿಂತು ಮಾತನಾಡುವುದನ್ನು ನೋಡಿದ ಜನ ತಾವೆಲ್ಲ ಒಂದು ದೇಶದವರೆಂದು ಬಹುಶಃ ಮೊದಲ ಬಾರಿಗೆ ಕಂಡುಕೊಂಡಿರಬೇಕು.

ರಕ್ತ ಹರಿಯಲಿಲ್ಲ. 1960ರ ಚುನಾವಣೆಯಲ್ಲಿ 71 ಸ್ಥಾನಗಳ ಪೈಕಿ 70 ಟಾನು ಪಾಲಾದವು. 1961ರ ಡಿಸೆಂಬರ್ 9ರಂದು ಟ್ಯಾಂಗನಿಕಾ ಸ್ವತಂತ್ರವಾಯಿತು. 1964ರಲ್ಲಿ ಜಂಜಿಬಾರ್ ದ್ವೀಪ ಸೇರಿಕೊಂಡು ದೇಶಕ್ಕೆ ತಾಂಜಾನಿಯಾ ಎಂಬ ಹೆಸರು ಬಂತು. ಬೀಬಿ ಟಿಟಿ ಸಂಸತ್ ಸದಸ್ಯೆಯಾದರು, ಕಿರಿಯ ಸಚಿವೆಯಾದರು. 1962ರಲ್ಲಿ ಸ್ಥಾಪನೆಯಾದ ತಾಂಜಾನಿಯಾ ಮಹಿಳಾ ಒಕ್ಕೂಟದ ಮೊದಲ ಅಧ್ಯಕ್ಷೆಯಾದರು. ಅದೇ ವರ್ಷ ಆಫ್ರಿಕಾದ ನಾನಾ ದೇಶಗಳ ಮಹಿಳೆಯರು ದಾರುಸ್ಸಲಾಮಿನಲ್ಲಿ ಸೇರಿ ಅಖಿಲ ಆಫ್ರಿಕಾ ಮಹಿಳಾ ಸಂಘಟನೆ ಕಟ್ಟಿದಾಗಲೂ ಅವರು ಮುಂಚೂಣಿಯಲ್ಲಿದ್ದರು.

ಆದರೆ ಹೋರಾಟದ ದಿನಗಳೇ ಬೇರೆ, ಆಡಳಿತದ ದಿನಗಳೇ ಬೇರೆ. ಸ್ವಾತಂತ್ರ್ಯ ಬಂದ ಮೇಲೆ ಕಡತ ಬೇಕು, ವರದಿ ಬೇಕು, ಇಂಗ್ಲಿಷ್ ಬೇಕು. ಸರಕಾರಿ ಕೆಲಸದ ಭಯದಿಂದ ಅಂದು ದೂರ ನಿಂತಿದ್ದ ಓದಿದವರು ಈಗ ಹತ್ತಿರ ಬಂದರು. ಮೈದಾನದಲ್ಲಿ ಹಾಡಿದವರು ಮೆಲ್ಲಮೆಲ್ಲನೆ ಹಿಂದಿನ ಸಾಲಿಗೆ ಸರಿದರು. 1965ರ ಚುನಾವಣೆಯಲ್ಲಿ ರುಫಿಜಿ ಕ್ಷೇತ್ರದಲ್ಲಿ ಬೀಬಿ ಟಿಟಿ ಸೋತರು. ಆಗ ದೇಶದಲ್ಲಿ ಒಂದೇ ಪಕ್ಷ. ಒಂದು ಕ್ಷೇತ್ರಕ್ಕೆ ಅದೇ ಪಕ್ಷದ ಇಬ್ಬರು ಅಭ್ಯರ್ಥಿಗಳು, ಒಬ್ಬರಿಗೆ ಗುದ್ದಲಿಯ ಗುರುತು, ಇನ್ನೊಬ್ಬರಿಗೆ ಮನೆಯ ಗುರುತು. ಸೋಲಿನೊಂದಿಗೆ ಸಚಿವ ಸ್ಥಾನವೂ ಹೋಯಿತು.

ನಿಜವಾದ ಬಿರುಕು ಬಿದ್ದದ್ದು 1967ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ನೈರೇರೆ ಪ್ರಸಿದ್ಧವಾದ ಅರುಶಾ ಘೋಷಣೆಯನ್ನು ಪ್ರಕಟಿಸಿದರು. ದೇಶ ಸಮಾಜವಾದದ ದಾರಿ ಹಿಡಿಯಬೇಕು, ಬ್ಯಾಂಕುಗಳು ಸರಕಾರದ್ದಾಗಬೇಕು. ಅದರ ಜೊತೆ ನಾಯಕರಿಗೊಂದು ಶಿಸ್ತು. ಪಕ್ಷದ ಅಥವಾ ಸರಕಾರದ ನಾಯಕರು ಕಂಪೆನಿಗಳಲ್ಲಿ ಷೇರು ಇಟ್ಟುಕೊಳ್ಳಬಾರದು, ಎರಡು ಸಂಬಳ ಪಡೆಯಬಾರದು, ಮನೆ ಕಟ್ಟಿಸಿ ಬಾಡಿಗೆಗೆ ಕೊಡಬಾರದು. ಓದಿದರೆ ಸಂತೋಷವಾಗುತ್ತದೆ. ಇಂತಹ ನಿಯಮ ಎಲ್ಲ ದೇಶಗಳಲ್ಲೂ ಇದ್ದಿದ್ದರೆ ಎನಿಸುತ್ತದೆ. ನೈರೇರೆ ನುಡಿದಂತೆ ನಡೆದವರು. 1966ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಾಯಕರ ಸಂಬಳದ ಬಗ್ಗೆ ಆಕ್ಷೇಪವೆತ್ತಿದಾಗ ತನ್ನ ಸಂಬಳದಲ್ಲಿ ಶೇಕಡಾ 20ನ್ನು ತಾನೇ ಕಡಿತ ಮಾಡಿಕೊಂಡಿದ್ದರು.

ಆದರೆ ಬೀಬಿ ಟಿಟಿಯ ಜಾಗದಲ್ಲಿ ನಿಂತು ನೋಡಿ. ಅವರು ಸಾಲ ಮಾಡಿ ಬಾಡಿಗೆಗೆಂದು ಮನೆ ಕಟ್ಟಿಸಿದ್ದರು. ಪದವಿ ಇಲ್ಲ, ಇಂಗ್ಲಿಷ್ ಇಲ್ಲ, ನಾಳೆ ರಾಜಕೀಯ ಕೈಬಿಟ್ಟರೆ ಮಾಡಲು ಬೇರೆ ಉದ್ಯೋಗವಿಲ್ಲ. ಕಡಲತೀರದ ಪಟ್ಟಣಗಳಲ್ಲಿ ಹೆಣ್ಣಿನ ಕೈಯಲ್ಲಿ ಸ್ವಲ್ಪ ಹಣ ಕೂಡಿದರೆ ಅವಳು ಮಾಡುತ್ತಿದ್ದುದು ಅದನ್ನೇ. ಒಂದು ಕೊಠಡಿ, ಎರಡು ಕೊಠಡಿ, ಬಾಡಿಗೆ. ಗಂಡ ಇಂದು ಇರುತ್ತಾನೆ, ನಾಳೆ ಇರಲಾರ. ಗೋಡೆ ಇರುತ್ತದೆ. ಪದವಿ ಇರುವ ಗಂಡಸಿಗೆ ಬಾಡಿಗೆ ಮನೆ ಲೋಭವಿರಬಹುದು, ಪದವಿ ಇಲ್ಲದ ಹೆಂಗಸಿಗೆ ಅದು ಅನ್ನದ ಬಟ್ಟಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ನಿಯಮ ನ್ಯಾಯದ್ದೇ ಎಂದು ನನಗೆ ಅನ್ನಿಸುವುದಿಲ್ಲ. ನೈರೇರೆಯ ಬಗ್ಗೆ ಎಷ್ಟೇ ಗೌರವವಿದ್ದರೂ ಇಷ್ಟನ್ನು ಹೇಳಲೇಬೇಕು. ಬೀಬಿ ಟಿಟಿ ಮನೆಯನ್ನು ಬಿಡಲಿಲ್ಲ, ಪಕ್ಷದ ಹುದ್ದೆಯನ್ನು ಬಿಟ್ಟರು.

ಅದಾಗಿ ಎರಡೇ ವರ್ಷ. 1969ರ ಅಕ್ಟೋಬರಿನಲ್ಲಿ ಅವರ ಬಂಧನವಾಯಿತು. ಆರೋಪ ಸಾಮಾನ್ಯದ್ದಲ್ಲ, ರಾಜದ್ರೋಹ. ಸರಕಾರವನ್ನು ಉರುಳಿಸಲು ಸಂಚು ಹೂಡಿದ್ದಾರೆಂದು ಬೀಬಿ ಟಿಟಿ, ಮಾಜಿ ಕಾರ್ಮಿಕ ಸಚಿವ ಮೈಕೆಲ್ ಕಾಮಲೀಜ ಮತ್ತು ಸೇನೆಯ ಕೆಲವು ಅಧಿಕಾರಿಗಳೂ ಸೇರಿದಂತೆ ಹಲವರ ಮೇಲೆ ಮೊಕದ್ದಮೆ. ಸಂಚಿನ ಸೂತ್ರಧಾರಿಯೆಂದು ಹೇಳಲಾದ ಮಾಜಿ ಸಚಿವ ಆಸ್ಕರ್ ಕಾಂಬೋನ ಆಗಲೇ ಲಂಡನ್ನಿನಲ್ಲಿದ್ದರು. ಇವರೆಲ್ಲ ಒಂದು ಕಾಲದಲ್ಲಿ ನೈರೇರೆಯ ಹೆಗಲೆಣೆಯಾಗಿದ್ದವರು. 1970ರಲ್ಲಿ ಆರಂಭವಾದ ವಿಚಾರಣೆ 127 ದಿನ ನಡೆಯಿತು. ತಾಂಜಾನಿಯಾದ ಇತಿಹಾಸದಲ್ಲೇ ಅದು ಮೊದಲ ರಾಜದ್ರೋಹ ಮೊಕದ್ದಮೆ. ಸರಕಾರದ ಪರ ಮುಖ್ಯ ಸಾಕ್ಷಿ ಅಲ್ಲಿನವರೂ ಅಲ್ಲ, ದಕ್ಷಿಣ ಆಫ್ರಿಕಾದಿಂದ ಬಂದು ದಾರುಸ್ಸಲಾಮಿನಲ್ಲಿ ಆಶ್ರಯ ಪಡೆದಿದ್ದ ಪೊಟ್ಲಾಕೊ ಲೆಬಾಲೊ ಎಂಬ ರಾಜಕಾರಣಿ. 1971ರಲ್ಲಿ ತೀರ್ಪು ಬಂತು. ಬೀಬಿ ಟಿಟಿಗೆ ಜೀವಾವಧಿ ಶಿಕ್ಷೆ.

ತಾನು ನಿರಪರಾಧಿ ಎಂದೇ ಅವರು ಕೊನೆಯವರೆಗೂ ಹೇಳಿದರು. ನ್ಯಾಯಾಲಯ ಬೇರೆ ಹೇಳಿತು. ಇಷ್ಟು ದೂರದಿಂದ, ಇಷ್ಟು ವರ್ಷಗಳ ಬಳಿಕ ಆ ಮೊಕದ್ದಮೆಯನ್ನು ನಾವು ಪುನಃ ನಡೆಸಲಾರೆವು. ಆದರೆ ಜೈಲಿನ ಗೋಡೆಯ ಹೊರಗೆ ನಡೆದದ್ದನ್ನು ತಿಳಿಯಲು ನ್ಯಾಯಾಧೀಶರು ಬೇಕಾಗಿಲ್ಲ. ಗಂಡ ಜೈಲಿನಲ್ಲಿದ್ದ ಹೆಂಡತಿಗೆ ತಲಾಖ್ ಕೊಟ್ಟರು. ಗೆಳೆಯರೆನಿಸಿದ್ದವರು ಕಂಡರೂ ಕಾಣದಂತೆ ನಡೆದರು. ಅಧಿಕಾರದಲ್ಲಿದ್ದಾಗ ಮನೆಯಂಗಳ ತುಂಬುತ್ತಿದ್ದ ಜನ ಎಲ್ಲಿ ಹೋದರೋ. 1972ರಲ್ಲಿ ನೈರೇರೆ ಕ್ಷಮಾದಾನ ನೀಡಿದರು, ಬೀಬಿ ಟಿಟಿ ಬಿಡುಗಡೆಯಾದರು. ಆಗ ವಯಸ್ಸು 46. ಮನೆಯೊಳಗೆ ಗಂಡನಿಲ್ಲ, ಹೊರಗೆ ಪಕ್ಷವಿಲ್ಲ.

ಮುಂದಿನ ಹತ್ತು ಹದಿನೈದು ವರ್ಷ ಅವರು ಹೆಚ್ಚುಕಡಿಮೆ ಅಜ್ಞಾತವಾಸದಲ್ಲಿದ್ದಂತೆ. ಶಿಕ್ಷೆಗೆ ಕ್ಷಮೆ ಸಿಕ್ಕಿತ್ತು, ಹೆಸರಿಗೆ ಸಿಕ್ಕಿರಲಿಲ್ಲ. ಪಕ್ಷ ಹೇಗೆ ಬೆಳೆಯಿತೆಂಬ ಕಥೆಯನ್ನು ಓದಿದ ಗಂಡಸರೇ ಬರೆದರು, ಓದಿದ ಗಂಡಸರೇ ಅದರ ನಾಯಕರು. ಕಾರ್ಡ್ ಮಾರಿದ, ಹಾಡು ಕಟ್ಟಿದ, ಅನ್ನ ಬೇಯಿಸಿದ ಹೆಂಗಸರು 'ಜನಸಮೂಹ' ಎಂಬ ಒಂದೇ ಶಬ್ದದೊಳಗೆ ಮರೆಯಾದರು.

1984ರಲ್ಲಿ ಸುಸಾನ್ ಗೈಗರ್ ಎಂಬ ಅಮೆರಿಕದ ಇತಿಹಾಸಕಾರ್ತಿ ದಾರುಸ್ಸಲಾಮಿನಲ್ಲಿ ಈ ಹಳೆಯ ಹೆಂಗಸರನ್ನು ಹುಡುಕಿಕೊಂಡು ಹೋದರು. ಬೀಬಿ ಟಿಟಿಯ ಎದುರು ಕುಳಿತು ಅವರ ಬಾಯಿಂದಲೇ ಕಥೆ ಕೇಳಿದರು. ಅವರ ಜೊತೆ ದುಡಿದ ಇತರರನ್ನೂ ಮಾತನಾಡಿಸಿದರು. 1997ರಲ್ಲಿ ಅದು ಪುಸ್ತಕವಾಗಿ ಹೊರಬಂತು. ಪುಸ್ತಕ ಹೇಳುವುದು ಒಂದು ದೊಡ್ಡ ಮಾತು. ಓದಿದ ಕೆಲವು ಗಂಡಸರು ರಾಷ್ಟ್ರೀಯತೆಯನ್ನು ಕಲಿತು ಬಂದು ಹೆಂಗಸರಿಗೆ ಹಂಚಿದರೆಂಬುದು ಅರ್ಧ ಸತ್ಯ. ಬುಡಕಟ್ಟಿನ ಗಡಿ ದಾಟಿ ಒಂದೇ ಭಾಷೆಯಲ್ಲಿ ಹಾಡುತ್ತಾ, ಒಂದೇ ಬಣ್ಣದ ಬಟ್ಟೆ ಉಡುತ್ತಾ, ಕಷ್ಟಸುಖ ಹಂಚಿಕೊಳ್ಳುತ್ತಿದ್ದ ಈ ಹೆಂಗಸರ ತಂಡಗಳಲ್ಲಿ ಅದು ಮೊದಲೇ ಇತ್ತು. ಪಕ್ಷ ಬಂದು ಅದನ್ನು ಬಳಸಿಕೊಂಡಿತು.

ನೈರೇರೆ 1985ರಲ್ಲಿ ತಾವಾಗಿಯೇ ಅಧ್ಯಕ್ಷ ಪದವಿ ತೊರೆದರು. ಸಾಯುವವರೆಗೆ ಕುರ್ಚಿಗೆ ಅಂಟಿಕೊಳ್ಳುವ ನಾಯಕರ ನಡುವೆ ಅದು ಅಪರೂಪ. ಅವರ ಸಮಾಜವಾದಿ ಹಳ್ಳಿಗಳ ಯೋಜನೆ ಸೋತಿತ್ತು, ದೇಶ ಬಡವಾಗಿಯೇ ಉಳಿದಿತ್ತು. ಆದರೆ ಅಕ್ಷರ ಹಳ್ಳಿಹಳ್ಳಿಗೆ ತಲುಪಿತ್ತು, ನೆರೆಯ ದೇಶಗಳನ್ನು ಸುಟ್ಟ ಬುಡಕಟ್ಟು ಕಲಹ ಅಲ್ಲಿ ತಲೆಯೆತ್ತಲಿಲ್ಲ. ಆ ಶಾಂತಿಯ ಲೆಕ್ಕವನ್ನು ನೈರೇರೆಯ ಖಾತೆಗೆ ಬರೆಯುವುದು ಸರಿಯೇ. ಅದೇ ಪುಟದಲ್ಲಿ ಲೆಲೆಮಾಮದ ಹೆಂಗಸರಿಗೂ ಒಂದು ಸಾಲು ಇರಬೇಕಿತ್ತು.

1991ರಲ್ಲಿ ಸ್ವಾತಂತ್ರ್ಯದ 30ನೆಯ ವರ್ಷಾಚರಣೆ ನಡೆದಾಗ ಆಡಳಿತ ಪಕ್ಷದ ಪತ್ರಿಕೆ ಬೀಬಿ ಟಿಟಿಯನ್ನು ಸ್ವಾತಂತ್ರ್ಯ ಹೋರಾಟದ ವೀರಮಹಿಳೆಯೆಂದು ಕೊಂಡಾಡಿತು. ಜೀವಾವಧಿ ಶಿಕ್ಷೆಯ ತೀರ್ಪು ಬಂದು ಆಗ ಇಪ್ಪತ್ತು ವರ್ಷವಾಗಿತ್ತು. ರಾಜದ್ರೋಹಿ ಎಂದವರೇ ವೀರಮಹಿಳೆ ಎಂದರು. ಎರಡರ ನಡುವೆ ಏನು ಬದಲಾಯಿತೆಂದು ಪತ್ರಿಕೆ ಬರೆದಿತ್ತೋ ಇಲ್ಲವೋ, ಬೀಬಿ ಟಿಟಿ ಮಾತ್ರ ಅದೇ ಬೀಬಿ ಟಿಟಿಯಾಗಿದ್ದರು.

ನೈರೇರೆ 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಂದಿನ ವರ್ಷ, 2000ದ ನವೆಂಬರ್ 5ರಂದು, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಆಸ್ಪತ್ರೆಯೊಂದರಲ್ಲಿ ಬೀಬಿ ಟಿಟಿಯೂ ಕೊನೆಯುಸಿರೆಳೆದರು. ಒಟ್ಟಿಗೆ ವೇದಿಕೆ ಹತ್ತಿದ ಇಬ್ಬರೂ ತಮ್ಮ ಮಣ್ಣಿನಿಂದ ದೂರದಲ್ಲಿ ಕಣ್ಮುಚ್ಚಿದರು.

ದಾರುಸ್ಸಲಾಮಿನ ನಡುಮಧ್ಯೆ 'ಮ್ನಾಜಿ ಮ್ಮೋಜ' ಎಂಬ ಮೈದಾನವಿದೆ. ಒಂಟಿ ತೆಂಗಿನಮರ ಎಂದು ಆ ಹೆಸರಿನ ಅರ್ಥ. ಹೋರಾಟದ ದಿನಗಳಲ್ಲಿ ಟಾನು ಸಭೆಗಳು ನಡೆಯುತ್ತಿದ್ದ ಜಾಗವದು. ಆ ಮೈದಾನಕ್ಕೆ ತಾಗಿಕೊಂಡು ಹೋಗುವ ದೊಡ್ಡ ರಸ್ತೆಗೆ ಈಗ ಬೀಬಿ ಟಿಟಿ ಮುಹಮ್ಮದ್ ರಸ್ತೆ ಎಂದು ಹೆಸರು. ಅದನ್ನು ಅಲ್ಲಿ ಸಂಧಿಸುವ ಇನ್ನೊಂದು ರಸ್ತೆಯ ಹೆಸರು ಉಹುರು.